ಚೀಟಿ ಇಬ್ಬರ ಹೆಸರಿನಲ್ಲೂ ಆಗಲಿ

ಮದುವೆಯಾಗಿ ಎರಡು ವರ್ಷ ದಾಟಿದ ಹೆಣ್ಣುಮಗಳು ಯಡ್ತರೆಯಲ್ಲಿ ಬಸ್ಸು ಹತ್ತಿದರೆ, ಕಂಡಕ್ಟರು ಟಿಕೇಟು ಕೇಳುವ ಮೊದಲೇ ಪಕ್ಕದ ಸೀಟಿನವರು ಒಂದು ಪ್ರಶ್ನೆ ಕೇಳಿಯಾಗಿರುತ್ತದೆ: "ಎಂತ, ವಿಶೇಷ ಎಂತದೂ ಇಲ್ಯಾ?" ಕೇಳಿದವರಿಗೆ ಅದು ಬರೀ ಕುಶಲ ಪ್ರಶ್ನೆ. ಕೇಳಿಸಿಕೊಂಡವಳಿಗೆ ಕುಂದಾಪುರ ಮುಟ್ಟುವವರೆಗೂ ಅದೇ ಯೋಚನೆ. ಮದುವೆ ಮನೆ, ನಾಮಕರಣ, ಕಂಬಳದ ಗದ್ದೆ, ಆಟದ ಚೌಕಿ, ಎಲ್ಲಿ ಹೋದರೂ ಈ ಪ್ರಶ್ನೆ ತಪ್ಪುವುದಿಲ್ಲ. ವಿಚಿತ್ರ ಎಂದರೆ ಇದನ್ನು ಅವಳ ಗಂಡನ ಹತ್ತಿರ ಯಾರೂ ಕೇಳುವುದಿಲ್ಲ. ಕೇಳಿದರೂ ಅದು ಚಾ ಅಂಗಡಿಯ ತಮಾಷೆ, ನಕ್ಕು ಬಿಟ್ಟರೆ ಮುಗಿಯಿತು.

ರಸ್ತೆ ಹೊಂಡ, ಬೀದಿ ದೀಪ, ಕುಡಿಯುವ ನೀರಿನ ಬಗ್ಗೆ ಬರೆಯುವ ಈ ಜಾಗದಲ್ಲಿ ಮನೆಯೊಳಗಿನ ಮಾತೇಕೆ ಎಂದು ಓದುಗರು ಕೇಳಬಹುದು. ಉತ್ತರ ಸರಳ. ಇದು ಈಗ ಒಂದೆರಡು ಮನೆಯ ಮಾತಾಗಿ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಜಗತ್ತಿನಲ್ಲಿ ವಯಸ್ಕರ ಪೈಕಿ ಸುಮಾರು ಆರು ಮಂದಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಮಕ್ಕಳಾಗದ ತೊಂದರೆ ಅನುಭವಿಸುತ್ತಾರೆ. ಬಡ ದೇಶ, ಶ್ರೀಮಂತ ದೇಶ ಎಂಬ ದೊಡ್ಡ ವ್ಯತ್ಯಾಸ ಇದರಲ್ಲಿ ಇಲ್ಲ. ವ್ಯತ್ಯಾಸ ಇರುವುದು ಚಿಕಿತ್ಸೆಯಲ್ಲಿ, ಖರ್ಚಿನಲ್ಲಿ, ಮತ್ತು ಯಾರ ಮೇಲೆ ದೂರು ಬೀಳುತ್ತದೆ ಎಂಬುದರಲ್ಲಿ.

ದೂರು ಯಾರ ಮೇಲೆ ಎಂಬುದನ್ನು ನಮ್ಮ ಭಾಷೆಯೇ ಹೇಳುತ್ತದೆ. ಹೆಂಗಸಿಗೆ 'ಬಂಜೆ' ಎಂಬ ಶಬ್ದ ತಯಾರಾಗಿದೆ. ಅದೇ ಅರ್ಥದಲ್ಲಿ ಗಂಡಸಿಗೆ ಒಂದು ಶಬ್ದ ಹುಡುಕಿ ನೋಡಿ, ಸಿಗುವುದಿಲ್ಲ. 'ಷಂಡ', 'ನಪುಂಸಕ' ಎನ್ನುತ್ತಾರೆ, ಅದು ಬೇರೆಯೇ ವಿಷಯ. ದಾಂಪತ್ಯಕ್ಕೆ ಎಲ್ಲ ರೀತಿಯಲ್ಲೂ ಸಮರ್ಥನಾದ, ಎರಡು ಮೂಟೆ ಅಕ್ಕಿ ಹೊರುವ ಗಂಡಸಿನಲ್ಲೂ ವೀರ್ಯಾಣು ಕಡಿಮೆ ಇರಬಹುದು, ಇಲ್ಲದೆಯೂ ಇರಬಹುದು. ಹೊರಗಿನಿಂದ ನೋಡಿದರೆ ಅವನಿಗಾಗಲಿ ಹೆಂಡತಿಗಾಗಲಿ ಗೊತ್ತಾಗುವುದಿಲ್ಲ. ಗಂಡಸುತನ ಬೇರೆ, ವೀರ್ಯಾಣುವಿನ ಲೆಕ್ಕ ಬೇರೆ. ಇವೆರಡನ್ನೂ ಒಂದೇ ಎಂದು ತಿಳಿದುಕೊಂಡದ್ದರಿಂದಲೇ ನಮ್ಮ ಗಂಡಸರು ಪರೀಕ್ಷೆ ಅಂದ ಕೂಡಲೇ "ನಂಗೆಂತ ಆಯ್ತ್? ನಾನ್ ಗಟ್ಟಿ ಇದ್ದೆ" ಎಂದು ಎದ್ದು ಹೋಗುತ್ತಾರೆ.

ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಕಡೆ ಗಂಡನ ಕಾರಣವೂ ಇರುತ್ತದೆ. ಕೆಲವು ಕಡೆ ಅವನದ್ದು ಮಾತ್ರ, ಕೆಲವು ಕಡೆ ಇಬ್ಬರದ್ದೂ. ಇನ್ನು ಕೆಲವರಲ್ಲಿ ಎಷ್ಟು ಪರೀಕ್ಷೆ ಮಾಡಿದರೂ ಯಾರಲ್ಲೂ ಕಾರಣ ಕಾಣುವುದಿಲ್ಲ. ಹೀಗಿರುವಾಗ ಹೆಂಡತಿಯೊಬ್ಬಳನ್ನೇ ಆಸ್ಪತ್ರೆಯಿಂದ ಆಸ್ಪತ್ರೆಗೆ, ಜೋಯಿಸರಿಂದ ಜೋಯಿಸರಿಗೆ ಅಲೆಸುವುದು ಯಾವ ನ್ಯಾಯ?

ರಾತ್ರಿಯಿಡೀ ಆಟ ನೋಡುವ ಊರು ನಮ್ಮದು. ದಶರಥನಿಗೆ ಮೂವರು ರಾಣಿಯರಿದ್ದೂ ಮಕ್ಕಳಿರಲಿಲ್ಲ. ಅವನು ರಾಣಿಯರನ್ನು ತವರಿಗೆ ಅಟ್ಟಲಿಲ್ಲ, ತಾನೇ ಪುತ್ರಕಾಮೇಷ್ಟಿಗೆ ಕುಳಿತ. ಇದನ್ನು ಚೆಂಡೆ ಮದ್ದಳೆಯೊಂದಿಗೆ ಕೇಳಿ ಬಂದವರು ಬೆಳಗಾದ ಮೇಲೆ ಸೊಸೆಗೆ "ನಿನ್ನ ಕಾಲ್ಗುಣ" ಎನ್ನುವುದುಂಟು.

ಅಗ್ಗದ ಪರೀಕ್ಷೆ ಮೊದಲು

ಅಂಗಡಿ ನಡೆಸುವವರಿಗೆ ಗೊತ್ತಿರುವ ಲೆಕ್ಕದಲ್ಲೇ ಹೇಳುತ್ತೇವೆ. ಈ ವಿಷಯದಲ್ಲಿ ಎಲ್ಲಕ್ಕಿಂತ ಕಡಿಮೆ ಖರ್ಚಿನ, ನೋವಿಲ್ಲದ, ಬೇಗ ಮುಗಿಯುವ ಪರೀಕ್ಷೆ ಗಂಡನ ವೀರ್ಯ ಪರೀಕ್ಷೆ. ಎರಡರಿಂದ ಏಳು ದಿನ ದೇಹಸಂಪರ್ಕ ಇಲ್ಲದೆ ಇದ್ದು ಮಾದರಿ ಕೊಡಬೇಕು, ಅಷ್ಟೇ. ಹೆಂಡತಿಯ ಪರೀಕ್ಷೆಗಳು ಹಾಗಲ್ಲ. ರಕ್ತ ಪರೀಕ್ಷೆ, ಥೈರಾಯ್ಡ್, ಮತ್ತೆ ಮತ್ತೆ ಸ್ಕ್ಯಾನಿಂಗು, ಗರ್ಭನಾಳ ತೆರೆದಿದೆಯೋ ಇಲ್ಲವೋ ನೋಡಲು ಔಷಧ ಬಿಟ್ಟು ತೆಗೆಯುವ ಎಕ್ಸ್‌ರೇ, ಕೆಲವೊಮ್ಮೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ನೋಡುವ ಲ್ಯಾಪರೋಸ್ಕೋಪಿ. ಅಗ್ಗದ್ದನ್ನು ಬಿಟ್ಟು ತುಟ್ಟಿಯದ್ದನ್ನು ಮೊದಲು ಮಾಡಿಸುವುದು ಯಾವ ವ್ಯಾಪಾರದಲ್ಲೂ ಇಲ್ಲ.

ಒಂದು ಸಲ ರಿಪೋರ್ಟು ಸರಿ ಬರಲಿಲ್ಲ ಎಂದು ಗಾಬರಿಯಾಗಬೇಕಿಲ್ಲ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆ ಅವಧಿಯಲ್ಲಿ ಬಂದ ಜೋರು ಜ್ವರವೂ ಲೆಕ್ಕವನ್ನು ಇಳಿಸಬಹುದು. ಆದ್ದರಿಂದ ಡಾಕ್ಟ್ರು ಮತ್ತೊಮ್ಮೆ ಮಾಡಿಸುತ್ತಾರೆ. ಬೀಡಿ, ಸಿಗರೇಟು, ಗುಟ್ಕಾ, ಕುಡಿತ, ಬೊಜ್ಜು, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ವೃಷಣದ ರಕ್ತನಾಳ ಊದಿಕೊಳ್ಳುವುದು, ಪ್ರಾಯಕ್ಕೆ ಬಂದ ಮೇಲೆ ಆದ ಮಂಗಬಾವು, ಇವೆಲ್ಲ ಕಾರಣಗಳ ಪಟ್ಟಿಯಲ್ಲಿವೆ. ವೃಷಣಕ್ಕೆ ದೇಹದ ಉಳಿದ ಭಾಗಕ್ಕಿಂತ ಸ್ವಲ್ಪ ತಂಪು ಬೇಕು. ಅದಕ್ಕೇ ಅದು ಹೊರಗಿದೆ. ಬೇಕರಿಯ ಭಟ್ಟಿ, ಹೋಟೆಲಿನ ಒಲೆಯ ಮುಂದೆ ದಿನವಿಡೀ ನಿಲ್ಲುವವರು ಇದನ್ನು ಡಾಕ್ಟ್ರ ಹತ್ತಿರ ಹೇಳುವುದು ಒಳ್ಳೆಯದು.

ಇನ್ನೊಂದು ಎಚ್ಚರಿಕೆ ಈಗಿನ ಹುಡುಗರಿಗೆ. ಮೈ ಉಬ್ಬಿಸಲು ಜಿಮ್ಮಿನಲ್ಲಿ ತೆಗೆದುಕೊಳ್ಳುವ ಟೆಸ್ಟೋಸ್ಟೆರೋನ್, ಸ್ಟೆರಾಯ್ಡ್ ಇಂಜೆಕ್ಷನ್ನು ವೀರ್ಯಾಣು ತಯಾರಾಗುವುದನ್ನೇ ನಿಲ್ಲಿಸಬಲ್ಲದು. ಹೊರಗೆ ತೋಳು ಬೆಳೆಯುತ್ತದೆ, ಒಳಗೆ ಕಾರ್ಖಾನೆ ಬಂದ್. "ಶಕ್ತಿಗೆ" ಎಂದು ಹೆಸರಿಲ್ಲದ ಪುಡಿ ಮಾರುವವರು, ಕೊಳ್ಳುವವರು ಇಬ್ಬರೂ ಇದನ್ನು ಗಮನಿಸಲಿ.

ಹನ್ನೆರಡು ತಿಂಗಳ ಲೆಕ್ಕ ಯಾವುದು?

ಗರ್ಭನಿರೋಧಕ ಬಳಸದೆ ಹನ್ನೆರಡು ತಿಂಗಳು ಒಟ್ಟಿಗೆ ಸಂಸಾರ ಮಾಡಿಯೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬುದು ವೈದ್ಯರ ನಿಯಮ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. ಮುಟ್ಟು ತೀರಾ ಏರುಪೇರಾಗಿದ್ದರೆ ಅಷ್ಟೂ ಕಾಯಬಾರದು.

ನಮ್ಮ ಕಡೆ ಈ ಲೆಕ್ಕ ತಪ್ಪುತ್ತದೆ. ಗಂಡ ಮುಂಬಯಿಯ ಹೋಟೆಲಿನಲ್ಲಿ, ಬೆಂಗಳೂರಿನ ಬೇಕರಿಯಲ್ಲಿ, ದುಬೈಯಲ್ಲಿ, ಇಲ್ಲವೇ ಬೋಟಿನಲ್ಲಿ. ವರ್ಷಕ್ಕೊಮ್ಮೆ ತಿಂಗಳ ರಜೆಗೆ ಬಂದು ಹೋಗುತ್ತಾನೆ. ಮದುವೆಯಾಗಿ ನಾಲ್ಕು ವರ್ಷ ಎಂದು ಊರು ಎಣಿಸುತ್ತದೆ, ಒಟ್ಟಿಗೆ ಇದ್ದದ್ದು ನಾಲ್ಕೇ ತಿಂಗಳು. ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ದಿನಗಳು ಹೆಚ್ಚೆಂದರೆ ಆರು. ಅಂಡ ಹೊರಬಂದ ಮೇಲೆ ಅದರ ಆಯುಷ್ಯ ಸುಮಾರು ಒಂದು ದಿನ. ಗಂಡನ ರಜೆ ಆ ದಿನಗಳಿಗೆ ಕೂಡಿ ಬರದಿದ್ದರೆ ಅದು ಯಾರ ದೋಷ? ಇಂಥ ಮನೆಗಳಲ್ಲಿ ಮೊದಲು ಬೇಕಾದ ಮದ್ದು ರಜೆ. ಅಂಗಡಿ, ಹೋಟೆಲು, ಬೋಟುಗಳ ಮಾಲಕರು ಇದನ್ನೂ ಕೆಲಸದವರ ಆರೋಗ್ಯದ ಲೆಕ್ಕಕ್ಕೆ ಸೇರಿಸಿಕೊಂಡರೆ ದೊಡ್ಡ ಉಪಕಾರ.

ಹೆಂಗಸರ ಕಡೆಯ ಕಾರಣಗಳಲ್ಲಿ ಈಗ ಹೆಚ್ಚು ಕೇಳಿಬರುವುದು ಪಿಸಿಓಡಿ, ಅಂದರೆ ಅಂಡ ಸರಿಯಾದ ಸಮಯಕ್ಕೆ ಹೊರಬಾರದಿರುವುದು. ಇದಕ್ಕೆ ಹೆದರಬೇಕಿಲ್ಲ. ತೂಕ ಇಳಿಸಿ, ಡಾಕ್ಟ್ರು ಬರೆದ ಮಾತ್ರೆ ತೆಗೆದುಕೊಂಡ ಎಷ್ಟೋ ಜನ ದೊಡ್ಡ ಚಿಕಿತ್ಸೆಯಿಲ್ಲದೆ ತಾಯಿಯಾಗಿದ್ದಾರೆ. ಸೋಂಕಿನಿಂದ ಗರ್ಭನಾಳ ಮುಚ್ಚುವುದು ಇನ್ನೊಂದು ಕಾರಣ. ನಮ್ಮ ದೇಶದಲ್ಲಿ ಕ್ಷಯ ರೋಗ ಗರ್ಭಕೋಶಕ್ಕೆ, ನಾಳಕ್ಕೆ ತಗಲಿ ಸದ್ದಿಲ್ಲದೆ ಹಾಳು ಮಾಡುವುದುಂಟು. ಮುಟ್ಟಿನಲ್ಲಿ ತಡೆಯಲಾಗದ ಹೊಟ್ಟೆನೋವು ಎಂಡೋಮೆಟ್ರಿಯೋಸಿಸ್ ಆಗಿರಬಹುದು. "ಎಲ್ಲರಿಗೂ ಆಪ್ದೇ" ಎಂದು ತಾಯಂದಿರು ತಳ್ಳಿ ಹಾಕಬಾರದು.

ಎಲ್ಲದಕ್ಕಿಂತ ಮೇಲಿನದ್ದು ವಯಸ್ಸು. ಹೆಣ್ಣುಮಗು ಹುಟ್ಟುವಾಗಲೇ ತನ್ನ ಜೀವಮಾನದ ಅಂಡಗಳನ್ನು ಹೊತ್ತುಕೊಂಡು ಹುಟ್ಟುತ್ತದೆ, ಆಮೇಲೆ ಹೊಸ ಸ್ಟಾಕು ಬರುವುದಿಲ್ಲ. 35ರ ನಂತರ ಅಂಡಗಳ ಸಂಖ್ಯೆಯೂ ಗುಣವೂ ಬೇಗ ಇಳಿಯುತ್ತದೆ. ಹರಕೆ ಹೇಳಿಕೊಳ್ಳುವವರು ಹೇಳಿಕೊಳ್ಳಲಿ, ನಾಗನಿಗೆ ತನು ಹಾಕಿಸಲಿ, ಆಶ್ಲೇಷಾ ಬಲಿ ಮಾಡಿಸಲಿ. ಯಾರ ನಂಬಿಕೆಯನ್ನೂ ನಾವು ಹೀಗಳೆಯುವುದಿಲ್ಲ. ಆದರೆ ಈ ವರ್ಷ ಹರಕೆ, ಮುಂದಿನ ವರ್ಷ ನಾಟಿ ಮದ್ದು, ಅದಾದ ಮೇಲೆ ಆಸ್ಪತ್ರೆ ಎಂದು ಸರದಿ ಮಾಡಬೇಡಿ. ದೇವರಿಗೂ ಡಾಕ್ಟ್ರಿಗೂ ಜಗಳ ಇಲ್ಲ. ಎರಡೂ ಒಟ್ಟಿಗೆ ನಡೆಯಲಿ. ವಯಸ್ಸು ಮಾತ್ರ ಯಾರಿಗೂ ಕಾಯುವುದಿಲ್ಲ.

ಮೆಟ್ಟಿಲು ಒಂದೊಂದಾಗಿ

ಚಿಕಿತ್ಸೆ ಎಂದರೆ ನೇರ ಟೆಸ್ಟ್ ಟ್ಯೂಬ್ ಬೇಬಿ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಮೊದಲ ಮೆಟ್ಟಿಲು ಅಂಡ ಬಿಡುಗಡೆಯಾಗುವ ದಿನ ತಿಳಿದುಕೊಳ್ಳುವುದು, ಅದಕ್ಕೆ ಮಾತ್ರೆ. ಎರಡನೆಯದು ಐಯುಐ: ಗಂಡನ ವೀರ್ಯಾಣುವನ್ನು ಶುದ್ಧ ಮಾಡಿ ಸರಿಯಾದ ದಿನ ಗರ್ಭಕೋಶದೊಳಗೆ ಬಿಡುವುದು. ಇದಕ್ಕೆ ಗರ್ಭನಾಳ ತೆರೆದಿರಬೇಕು. ಒಂದು ಸಲಕ್ಕೆ ಫಲಿಸುವ ಸಾಧ್ಯತೆ ನೂರಕ್ಕೆ ಹತ್ತು ಹದಿನೈದರ ಆಸುಪಾಸು. ಮೂರನೆಯದು ಐವಿಎಫ್. ಹತ್ತು ಹನ್ನೆರಡು ದಿನ ಇಂಜೆಕ್ಷನ್ನು ಕೊಟ್ಟು, ಅಂಡಗಳನ್ನು ಹೊರತೆಗೆದು, ಪ್ರಯೋಗಶಾಲೆಯಲ್ಲಿ ವೀರ್ಯಾಣುವಿನೊಡನೆ ಸೇರಿಸಿ, ಬೆಳೆದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುತ್ತಾರೆ. ವೀರ್ಯಾಣು ತೀರಾ ಕಡಿಮೆ ಇದ್ದರೆ ಒಂದೇ ಒಂದನ್ನು ಸೂಜಿಯಿಂದ ಅಂಡದೊಳಕ್ಕೆ ಇಳಿಸುವ ಇಕ್ಸಿ ಎಂಬ ವಿಧಾನ 1992ರಿಂದ ಇದೆ. ವೀರ್ಯದಲ್ಲಿ ಒಂದೂ ಕಾಣದವರಿಗೂ ಕೆಲವೊಮ್ಮೆ ವೃಷಣದಿಂದಲೇ ತೆಗೆದು ಇದನ್ನು ಮಾಡಲು ಬರುತ್ತದೆ. ಈಗ ಹೇಳಿ, ಪರೀಕ್ಷೆಗೆ ಹೆದರಿ ಮನೆಯಲ್ಲಿ ಕುಳಿತವನಿಗೆ ಲಾಭ ಎಂತ?

ಸೋಲಿನ ಲೆಕ್ಕವನ್ನೂ ಹೇಳಬೇಕು. ಬ್ರಿಟನ್ನಿನ ಸರಕಾರಿ ನಿಯಂತ್ರಣ ಸಂಸ್ಥೆ ಪ್ರಕಟಿಸುವ ಅಂಕಿಗಳಲ್ಲಿ, 35ರೊಳಗಿನ ಹೆಂಗಸರಲ್ಲಿ ಗರ್ಭಕೋಶಕ್ಕೆ ಬಿಟ್ಟ ಮೂರು ಭ್ರೂಣಗಳಲ್ಲಿ ಹೆಚ್ಚು ಕಡಿಮೆ ಒಂದು ಮಗುವಾಗುತ್ತದೆ. 43 ದಾಟಿದ ಮೇಲೆ ಸ್ವಂತ ಅಂಡದಿಂದ ಅದು ನೂರಕ್ಕೆ ಐದರ ಹತ್ತಿರ. ಹಾಗಿರುವಾಗ "ನೂರಕ್ಕೆ ನೂರು ಗ್ಯಾರಂಟಿ" ಎಂದು ಯಾವ ಬೋರ್ಡು ಹೇಳಿದರೂ ಅದು ಸುಳ್ಳು. ಖರ್ಚು ಖಾಸಗಿಯಲ್ಲಿ ಒಂದು ಸಲಕ್ಕೆ ಲಕ್ಷ ದಾಟಿ ಎರಡು ಲಕ್ಷಕ್ಕೂ ಮೇಲೆ ಹೋಗುತ್ತದೆ. ಮನೆಗೆ ಸಿಮೆಂಟು ಕಬ್ಬಿಣ ತರುವಾಗ ಮೂರು ಕಡೆ ಕೊಟೇಶನ್ ಕೇಳುವ ನಾವು ಇಲ್ಲಿ ಮಾತ್ರ ಬಾಯಿ ಮುಚ್ಚಿ ಚಿನ್ನ ಅಡವಿಡುತ್ತೇವೆ. ಕೇಳಿ: ಔಷಧಿ, ಸ್ಕ್ಯಾನಿಂಗು ಸೇರಿ ಒಟ್ಟು ಎಷ್ಟು? ನಮ್ಮ ವಯಸ್ಸಿನವರಲ್ಲಿ ನಿಮ್ಮಲ್ಲಿ ಎಷ್ಟು ಜನರಿಗೆ ಮಗು ಆಗಿದೆ? ಗರ್ಭ ನಿಂತದ್ದರ ಲೆಕ್ಕ ಬೇಡ, ಮಗು ಮನೆಗೆ ಬಂದದ್ದರ ಲೆಕ್ಕ ಕೊಡಿ. ಬರೆದು ಕೊಡುತ್ತೀರಾ?

ಕೇಳುವ ಹಕ್ಕು ಕಾನೂನಿನಲ್ಲೇ ಇದೆ. 2021ರ ಸಂತಾನ ನೆರವು ತಂತ್ರಜ್ಞಾನ ಕಾಯಿದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಇಂಥ ಕ್ಲಿನಿಕ್ಕುಗಳು ನೋಂದಣಿ ಮಾಡಿಸಿಕೊಂಡಿರಲೇಬೇಕು. ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವಯಸ್ಸಿನ ಮಿತಿ. ಬರಹದ ಒಪ್ಪಿಗೆ ಬೇಕು, ಮೊದಲೇ ತಿಳಿ ಹೇಳಬೇಕು, ದೂರು ಕೇಳುವ ವ್ಯವಸ್ಥೆ ಇರಬೇಕು, ಯಾವ ಚಿಕಿತ್ಸೆ ಮಾಡಿದ್ದೇವೆಂದು ಬಿಡುಗಡೆ ಪತ್ರ ಕೊಡಬೇಕು. ಅಂಡ ದಾನ ಮಾಡುವವಳು ಜೀವನದಲ್ಲಿ ಒಮ್ಮೆ ಮಾತ್ರ ಮಾಡಬಹುದು. ಗಂಡೇ ಬೇಕು ಎಂದು ಆರಿಸಿ ಕೊಡುವುದು ಅಪರಾಧ. ಹೀಗೆ ಹುಟ್ಟಿದ ಮಗು ಆ ದಂಪತಿಗಳ ಸ್ವಂತ ಮಗುವೇ, ಆಸ್ತಿ ಹಕ್ಕಿನಲ್ಲಿ ಎಳ್ಳಷ್ಟೂ ಕಡಿಮೆಯಿಲ್ಲ.

ನಾಚಿಕೆಯ ಬೆಲೆ

ಈ ವಿದ್ಯೆ ನಮ್ಮ ದೇಶಕ್ಕೆ ಹೊಸತೇನಲ್ಲ. ಜಗತ್ತಿನ ಮೊದಲ ಟೆಸ್ಟ್ ಟ್ಯೂಬ್ ಮಗು ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದಾಗಿ ಎಪ್ಪತ್ತೇ ದಿನಕ್ಕೆ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿ ಅವರ ಪ್ರಯತ್ನದಿಂದ ದುರ್ಗಾ ಎಂಬ ಹೆಣ್ಣುಮಗು ಹುಟ್ಟಿತು. ಅಲ್ಲಿನ ಸರಕಾರ ನೇಮಿಸಿದ ಸಮಿತಿ ಅದನ್ನು ನಂಬಲಿಲ್ಲ, ಗೇಲಿ ಮಾಡಿತು. ಅವರನ್ನು ಬೇರೆ ಕಡೆಗೆ ವರ್ಗ ಮಾಡಿದರು. ಹೊರದೇಶಕ್ಕೆ ಹೋಗಿ ತಮ್ಮ ಕೆಲಸ ಹೇಳಿಕೊಳ್ಳಲೂ ಬಿಡಲಿಲ್ಲ. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮಗುವಿಗೆ ದೇಶದ ಮೊದಲನೆಯದೆಂಬ ಹೆಸರು ಬಂತು. ಆ ಕೆಲಸದಲ್ಲಿ ಡಾ. ಇಂದಿರಾ ಹಿಂದುಜಾ ಜೊತೆಗಿದ್ದ ವಿಜ್ಞಾನಿ ಡಾ. ಟಿ.ಸಿ. ಆನಂದ ಕುಮಾರ್ ಮುಂದೆ ಬೆಂಗಳೂರಿಗೆ ಬಂದು ನೆಲೆಸಿದರು. ಮುಖರ್ಜಿಯವರ ಹಳೆಯ ಕಾಗದ ಪತ್ರಗಳನ್ನು ಓದಿ, "ಮೊದಲಿಗ ನಾನಲ್ಲ, ಅವರು" ಎಂಬರ್ಥದಲ್ಲಿ 1997ರಲ್ಲಿ ಬಹಿರಂಗವಾಗಿ ಬರೆದರು. ತನ್ನ ಕೀರ್ತಿಯನ್ನು ತಾನೇ ಇನ್ನೊಬ್ಬರಿಗೆ ಕೊಟ್ಟ ಇಂಥವರು ಅಪರೂಪ. ವೈದ್ಯನೊಬ್ಬ ಸತ್ತು ಹದಿನಾರು ವರ್ಷದ ಮೇಲೆ ನ್ಯಾಯ ಸಿಕ್ಕಿತು. ಗೇಲಿ, ಗುಟ್ಟು, ನಾಚಿಕೆ ಸೇರಿದರೆ ಎಷ್ಟು ಕೆಡುಕಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಊರಿನ ಸೊಸೆಯಂದಿರ ಮೇಲೆ ಬೀಳುತ್ತಿರುವುದೂ ಅದೇ ಮೂರು.

ಸರಕಾರ ಏನು ಮಾಡಬೇಕು?

ಕುಟುಂಬ ಯೋಜನೆಯನ್ನು ಸರಕಾರಿ ಕಾರ್ಯಕ್ರಮವಾಗಿ ಜಗತ್ತಿನಲ್ಲೇ ಮೊದಲು, 1952ರಲ್ಲಿ, ಶುರು ಮಾಡಿದ ದೇಶ ನಮ್ಮದು. ಮಕ್ಕಳು ಸಾಕು ಎನ್ನುವವರಿಗೆ ಸರಕಾರ ಇಷ್ಟು ವರ್ಷ ಮನೆ ಬಾಗಿಲಿಗೆ ಬಂದಿದೆ. ಅಲ್ಲೂ ಭಾರ ಯಾರ ಮೇಲೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಟ್ಟು ದಂಪತಿಗಳಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಹೆಂಡತಿ ಮಾಡಿಸಿಕೊಂಡದ್ದು ನೂರಕ್ಕೆ 38ರ ಹತ್ತಿರ, ಗಂಡ ಮಾಡಿಸಿಕೊಂಡದ್ದು ನೂರಕ್ಕೆ ಒಂದೂ ಇಲ್ಲ, ಬರೀ 0.3. ಮಕ್ಕಳು ಬೇಡ ಎಂದರೂ ಆಪರೇಶನ್ ಅವಳಿಗೆ, ಬೇಕು ಎಂದರೂ ಪರೀಕ್ಷೆ ಅವಳಿಗೆ.

ಮಕ್ಕಳು ಬೇಕು ಎನ್ನುವವರಿಗೂ ಅದೇ ಸರಕಾರ ಬಾಗಿಲು ತೆರೆಯಬೇಕು. ನಮ್ಮ ಜಿಲ್ಲೆಯಲ್ಲಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಐವಿಎಫ್ ಕೇಂದ್ರ ಇದೆ, ದೂರದ ಊರುಗಳಿಂದಲೂ ಜನ ಬರುತ್ತಾರೆ. ಆದರೆ ಯಡ್ತರೆಯಿಂದ ಮಣಿಪಾಲ ಎಪ್ಪತ್ತು ಕಿಲೋಮೀಟರಿಗೂ ಮೇಲೆ. ಹೋಗಿ ಬರುವುದೆಂದರೆ ಒಂದು ದಿನದ ಅಂಗಡಿ ಬಾಗಿಲು, ಒಂದು ದಿನದ ಸಂಬಳ. ಮೊದಲ ಮೆಟ್ಟಿಲಿನ ಪರೀಕ್ಷೆಗೂ ಅಷ್ಟು ದೂರ ಹೋಗಬೇಕೇ? ವೀರ್ಯ ಪರೀಕ್ಷೆಗೆ ಬೇಕಾದ್ದು ಒಂದು ಸೂಕ್ಷ್ಮದರ್ಶಕ, ತರಬೇತಿ ಪಡೆದ ಒಬ್ಬ ಟೆಕ್ನೀಷಿಯನ್, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ಬೈಂದೂರು, ಕುಂದಾಪುರ, ಬ್ರಹ್ಮಾವರದ ಸರಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ದಂಪತಿಗಳಿಗೆಂದೇ ಮೀಸಲಿಡಲಿ. ಗುಟ್ಟು ಕಾಯುವ ಒಬ್ಬ ಸಲಹೆಗಾರರು ಕೂತುಕೊಳ್ಳಲಿ. ನೆರೆಯ ಗೋವಾ 2023ರಲ್ಲಿ ತನ್ನ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಉಚಿತ ಐವಿಎಫ್ ಶುರು ಮಾಡಿತು. ಅಷ್ಟು ಸಣ್ಣ ರಾಜ್ಯಕ್ಕೆ ಆಗುವುದು ಕರ್ನಾಟಕಕ್ಕೆ ಆಗದೇ? ವಿಶ್ವ ಆರೋಗ್ಯ ಸಂಸ್ಥೆಯೂ 2025ರ ನವೆಂಬರಿನಲ್ಲಿ ಈ ವಿಷಯದ ತನ್ನ ಮೊದಲ ಮಾರ್ಗಸೂಚಿ ಹೊರಡಿಸಿ, ಚಿಕಿತ್ಸೆ ಜನರ ಕೈಗೆಟುಕುವಂತೆ ಮಾಡಿ ಎಂದು ಸರಕಾರಗಳಿಗೆ ಹೇಳಿದೆ. ನಮ್ಮ ಶಾಸಕರು, ಜಿಲ್ಲಾ ಆರೋಗ್ಯಾಧಿಕಾರಿಗಳು ಇದನ್ನು ಓದಲಿ.

ಎಲ್ಲ ಮಾಡಿಯೂ ಮಗು ಆಗದ ಮನೆಗಳು ಇರುತ್ತವೆ. ಅವರಿಗೆ ದತ್ತು ಒಂದು ದಾರಿ. ಮಧ್ಯವರ್ತಿಗಳ ಕೈಗೆ ಹಣ ಕೊಟ್ಟು ಮಗು ತರುವುದು ಅಪರಾಧ. ಕೇಂದ್ರ ಸರಕಾರದ ದತ್ತು ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿಯ ವಯಸ್ಸು ಕೂಡಿಸಿ 85 ಮೀರಬಾರದು. ಸರದಿ ಉದ್ದ ಇರುವುದರಿಂದ ಇಲ್ಲೂ ತಡ ಮಾಡಬಾರದು. ಇದ್ಯಾವುದೂ ಬೇಡ, ನಾವಿಬ್ಬರೇ ಸುಖವಾಗಿದ್ದೇವೆ ಎನ್ನುವವರಿದ್ದರೆ ಅದೂ ಒಂದು ಸಂಸಾರವೇ. ಅವರನ್ನು ಅವರ ಪಾಡಿಗೆ ಬಿಡುವುದು ಊರಿನ ದೊಡ್ಡತನ. ನಾಮಕರಣಕ್ಕೆ, ಸೀಮಂತಕ್ಕೆ ಮಕ್ಕಳಿಲ್ಲದವಳನ್ನು ಹಿಂದಿನ ಸಾಲಿಗೆ ಸರಿಸುವ ಸಣ್ಣತನವನ್ನು ಇನ್ನಾದರೂ ಬಿಡೋಣ.

ಅತ್ತೆಯಂದಿರಲ್ಲಿ ನಮ್ಮದೊಂದು ಮನವಿ. ಸೊಸೆಯನ್ನು ಡಾಕ್ಟ್ರ ಹತ್ತಿರ ಕರೆದುಕೊಂಡು ಹೋಗುತ್ತೀರಿ, ಒಳ್ಳೆಯದೇ. ಆ ದಿನ ಮಗನನ್ನೂ ಏಳಿಸಿ. ಅವನು ಅಂಗಡಿ ಬಿಟ್ಟು ಬರಲಾಗದು ಎಂದರೆ ಒಂದು ದಿನ ನೀವೇ ಗಲ್ಲೆಯಲ್ಲಿ ಕೂತುಕೊಳ್ಳಿ. ಆಸ್ಪತ್ರೆಯ ಕೌಂಟರಿನಲ್ಲಿ ಹೆಸರು ಕೇಳಿದಾಗ ಚೀಟಿ ಇಬ್ಬರ ಹೆಸರಿನಲ್ಲೂ ಆಗಲಿ.